ಅವರಿಗೆ ಕೇಳಿಸದ ಸದ್ದು

ಆ ಸದ್ದು ನನಗೆ ಮೊದಲು ಕೇಳಿಸಿದ್ದು ಅಕ್ಕಿ ಗಿರಣಿಯಿಂದ ವಾಪಸ್ ಬರುವಾಗ. ಭದ್ರಾವತಿಯ ಗಿರಣಿಯಲ್ಲಿ ಭತ್ತದ ಮೂಟೆ ಇಳಿಸಿ, ಖಾಲಿ ಟ್ರೇಲರ್ ಎಳೆದುಕೊಂಡು ನಾವಿಬ್ಬರೂ ಗದ್ದೆಯ ಕಡೆ ಹೊರಟಿದ್ದೆವು. ಯಜಮಾನರು ಟ್ರ್ಯಾಕ್ಟರ್ ಓಡಿಸುತ್ತಿದ್ದರು. ನಾನು ಮಡ್‌ಗಾರ್ಡಿನ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡು ಕೂತಿದ್ದೆ. ಬಿ.ಎಚ್. ರಸ್ತೆ ಬಿಟ್ಟು ಕಾಲುವೆ ಏರಿಯ ರಸ್ತೆಗೆ ತಿರುಗಿದ ಮೇಲೆ ಅವರು ಆಕ್ಸಿಲರೇಟರ್ ಸ್ವಲ್ಪ ಸಡಿಲಿಸಿದರು. ಆಗ ನನ್ನ ಕೆಳಗಿನಿಂದ ಸಣ್ಣಗೆ, ತೀರ ಸಣ್ಣಗೆ, ಒಂದು ಕೂಗು ಎದ್ದಿತು. ಆಕ್ಸಿಲರೇಟರ್ ಒತ್ತಿದರೆ ಮಾಯ. ಬಿಟ್ಟರೆ ಮತ್ತೆ ಬಂತು.

"ರೀ, ಏನದು ಸದ್ದು?"

"ಯಾವ ಸದ್ದು?"

"ಹಿಂದ್ಗಡೆಯಿಂದ ಬರ್ತಿದೆಯಲ್ಲ, ಕುಂಯ್ ಅಂತ."

ಅವರು ತಲೆ ಓರೆ ಮಾಡಿ ಸ್ವಲ್ಪ ದೂರ ಓಡಿಸಿದರು. "ಟ್ರೇಲರ್ ಕೊಂಡಿ ಇರ್ಬೇಕು. ಗ್ರೀಸ್ ಹಚ್ಚಿಲ್ಲ," ಎಂದರು.

ಗದ್ದೆಯ ಶೆಡ್ಡಿನಲ್ಲಿ ಟ್ರೇಲರ್ ಬಿಡಿಸಿಟ್ಟೆವು. ಮಾರನೆಯ ದಿನ ಬರೀ ಟ್ರ್ಯಾಕ್ಟರಿನಲ್ಲಿ ಗದ್ದೆಯ ಆ ತುದಿಗೆ ಹೋದಾಗಲೂ ಸದ್ದು ಹಾಗೇ ಇತ್ತು. ಮತ್ತೆ ಹೇಳಿದೆ. "ನಲವತ್ತು ವರ್ಷದ ಗಾಡಿ ಮಾರಾಯ್ತಿ, ಅದಕ್ಕೂ ಮೈಕೈ ನೋವು ಇರಲ್ವಾ?" ಎಂದು ನಕ್ಕುಬಿಟ್ಟರು.

ನಮ್ಮ ಮನೆ ಇರುವುದು ಶಿವಮೊಗ್ಗದ ನವುಲೆಯಲ್ಲಿ. ಗದ್ದೆ ಇರುವುದು ಭದ್ರಾವತಿಯ ಈಚೆಗೆ, ಭದ್ರಾ ಕಾಲುವೆಯ ಕೆಳಗೆ. ಮದುವೆಯಾದಾಗಿನಿಂದ ಅವರು ದಿನಾ ಬೆಳಿಗ್ಗೆ ಗದ್ದೆಗೆ ಹೋಗುವುದು, ನಾನು ಟೆಲಿಫೋನ್ ಎಕ್ಸ್‌ಚೇಂಜಿಗೆ ಹೋಗುವುದು, ಹೀಗೇ ನಡೆದುಕೊಂಡು ಬಂದಿತ್ತು. ನಾನು ಕೆಲಸಕ್ಕೆ ಸೇರಿದಾಗ ಇನ್ನೂ ಟ್ರಂಕ್ ಕಾಲ್ ಕಾಲ. ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ ಏಳುವುದು ಊಟದ ಹೊತ್ತಿಗೇ. ಗಾಂಧಿ ಬಜಾರಿನ ಅಂಗಡಿಗಳವರು "ಹಲೋ" ಎನ್ನುವುದರೊಳಗೆ ಯಾರು, ಇವತ್ತು ಯಾವ ಊರು ಕೇಳುತ್ತಾರೆ ಎಂದು ನನಗೆ ತಿಳಿದುಬಿಡುತ್ತಿತ್ತು. ಲೈನಿನಲ್ಲಿ ಒಂದು ಗೊರಗೊರ ಬಂದರೆ ಅದು ಮಳೆಯದೋ, ಸಡಿಲವಾದ ತಂತಿಯದೋ ಎಂದೂ ಹೇಳುತ್ತಿದ್ದೆ. ಆಮೇಲೆ ಯಂತ್ರಗಳು ಬಂದವು, ನಮ್ಮ ಬೋರ್ಡುಗಳನ್ನು ಬಿಚ್ಚಿ ತೆಗೆದರು, ನನ್ನನ್ನು ಬಿಲ್ ಕೌಂಟರಿಗೆ ಹಾಕಿದರು. ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಗಳು ದಾವಣಗೆರೆಗೆ ಮದುವೆಯಾಗಿ ಹೋಗಿದ್ದಳು. ಮನೆಯಲ್ಲಿ ಕೂತು ಬೇಜಾರಾಗಿ ಅವರ ಸ್ಕೂಟರಿನ ಹಿಂದೆ ನಾನೂ ಗದ್ದೆಗೆ ಹೊರಟೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ನಾವಿಬ್ಬರೂ ಇಡೀ ದಿನ ಒಟ್ಟಿಗೆ ಇರಲು ಶುರುಮಾಡಿದ್ದು ಆಗಲೇ.

ಟ್ರ್ಯಾಕ್ಟರ್ ಅವರ ತಂದೆ ಕೊಂಡದ್ದು. ಬಣ್ಣ ಹೋಗಿ, ಬಾನೆಟ್ಟಿನ ಒಂದು ಮಗ್ಗುಲು ತಗ್ಗಿ, ಸೀಟಿನ ಸ್ಪ್ರಿಂಗ್ ಮುರಿದಿದ್ದರೂ ಉಳುಮೆಗೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಇಂಜಿನ್ ಸದ್ದಿನಲ್ಲಿ ಒಂದು ಏರುಪೇರಾದರೂ ಅವರಿಗೆ ಗೊತ್ತಾಗುತ್ತಿತ್ತು. ಹೀಗಿರುವಾಗ, ನನಗೆ ಕೇಳಿಸಿದ್ದು ಅವರಿಗೆ ಕೇಳಿಸುತ್ತಿಲ್ಲ ಎಂದರೆ ನಾನೇ ನಂಬಲಿಲ್ಲ. ಖರ್ಚಿನ ವಿಷಯ ಎಂದು ಕೇಳದವರ ಹಾಗೆ ಮಾಡುತ್ತಿದ್ದಾರೆ ಎಂದುಕೊಂಡೆ.

ಒಂದು ವಾರದ ಮೇಲೆ ಪಕ್ಕದ ಗದ್ದೆಯವರು ಮಡ್‌ಗಾರ್ಡ್ ಹತ್ತಿ ನಮ್ಮ ಜೊತೆ ರಸ್ತೆಯವರೆಗೆ ಬಂದರು. ಇಳಿಯುವಾಗ ನಾನು ಏನೂ ಹೇಳುವ ಮೊದಲೇ ಅವರು, "ಏನಣ್ಣ, ನಿನ್ ಗಾಡಿ ಶಿಳ್ಳೆ ಹೊಡೀತಿದೆ? ಹೌಸಿಂಗ್ ಒಂದ್ಸಲ ತೋರ್ಸು," ಎಂದರು.

ಯಜಮಾನರು ಇಂಜಿನ್ ನಿಲ್ಲಿಸಿ, ಕೆಳಗಿಳಿದು, ಹಿಂದಿನ ಎರಡು ದೊಡ್ಡ ಚಕ್ರಗಳ ನಡುವೆ ಹೌಸಿಂಗ್ ಎನ್ನುವ ಕಬ್ಬಿಣದ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನಿಂತರು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಜ್ಜಿಗೆ ಹಾಕಿಸಿಕೊಳ್ಳುತ್ತಾ ಕೇಳಿದರು:

"ಹೇಗಿದೆ ಅದು? ಸದ್ದು."

"ಸಣ್ಣಗೆ. ಕುಕ್ಕರ್ ಕೂಗೋ ಮುಂಚೆ ಒಂಥರಾ ಬರುತ್ತಲ್ಲ, ಹಾಗೆ."

ಅವರು ತಲೆಯಾಡಿಸಿದರು. ಕುಕ್ಕರ್ ಕೂಗುವ ಮುಂಚೆ ಸದ್ದು ಬರುತ್ತದೆ ಎನ್ನುವುದೂ ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ಮರುದಿನ ಅವರೇ ಒಂದು ಉಪಾಯ ಹೂಡಿದರು. ಕಾಲುವೆ ಏರಿಯಿಂದ ನಮ್ಮ ಗದ್ದೆಗೆ ಇಳಿಯುವಲ್ಲಿ ಒಂದು ಉದ್ದನೆಯ ಇಳಿಜಾರಿದೆ. ಅದರ ಮೇಲ್ತುದಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ಹೇಳಿದರು. "ಈಗ ನ್ಯೂಟ್ರಲ್‌ಗೆ ಹಾಕಿ ಇಳಿಸ್ತೀನಿ. ಇಂಜಿನ್ ಸುಮ್ನೆ ಇರುತ್ತೆ, ಚಕ್ರ ಮಾತ್ರ ತಿರುಗುತ್ತೆ. ಆಗ್ಲೂ ಸದ್ದು ಬಂದ್ರೆ ಗೇರ್‌ಬಾಕ್ಸ್ ಅಲ್ಲ, ಅದ್ರ ಹಿಂದೆ ಚಕ್ರ ತಿರುಗಿಸೋ ಡಿಫರೆನ್ಶಿಯಲ್. ನೀನು ಕೇಳಿಸ್ಕೊ."

ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಸಿದರು. ಕೂಗು ಬಂತು. ನಾನು ಕೈ ಎತ್ತಿದೆ. ನಿಲ್ಲಿಸಿ, ಈ ಸಲ ನಿಧಾನಕ್ಕೆ ಇಳಿಸಿದರು. ಕೂಗು ತಗ್ಗಿತು, ನಾನು ಕೈ ತಗ್ಗಿಸಿದೆ. ಗದ್ದೆಯ ಬದುವಿನ ಹತ್ತಿರ ಬರುವಷ್ಟರಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತ್ತು. ಮುಖದಲ್ಲಿ ಗೆಲುವಿತ್ತು. ಸದ್ದು ಕೇಳಿಸದಿದ್ದರೂ ಅದು ಎಲ್ಲಿಂದ ಬರುತ್ತಿದೆ ಎಂದು ಅವರೇ ಕಂಡುಹಿಡಿದಿದ್ದರು.

ಭದ್ರಾವತಿಯ ಹಳೇ ನಗರದ ಕಡೆ ಒಬ್ಬ ಮೆಕ್ಯಾನಿಕ್ ಇದ್ದ. ಅವನ ಅಜ್ಜ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಎರಡನ್ನೂ ಒಂದೇ ವೇಗದಲ್ಲಿ ಮಾತಾಡುತ್ತಿದ್ದ, ಮಾತು ಎಂದರೆ ಬಲು ಪ್ರೀತಿ. ಅವನು ಬೈಕಿನಲ್ಲಿ ನಮ್ಮ ಶೆಡ್ಡಿಗೆ ಬಂದು, ಟ್ರ್ಯಾಕ್ಟರಿನ ಮೇಲೆ ಒಂದು ಸುತ್ತು ಹಾಕಿ ಇಳಿದು, "ಗೇರ್‌ಬಾಕ್ಸ್ ಸಾರ್. ನೂರಕ್ಕೆ ನೂರು," ಎಂದ.

"ಅಲ್ಲ," ಎಂದರು ಯಜಮಾನರು. ಇಳಿಜಾರಿನ ವಿಷಯ ಹೇಳಿದರು.

ಅವನು ನನ್ನ ಕಡೆ ನೋಡಿದ. "ಅಕ್ಕ, ನಿಮ್ಗೆ ಗ್ಯಾರಂಟಿ ಕೇಳಿಸ್ತಾ?"

"ಬಾ, ನೀನೂ ಕೂತ್ಕೊ," ಎಂದೆ.

ಅವನನ್ನು ಕೂರಿಸಿಕೊಂಡು ಅದೇ ಇಳಿಜಾರಿನಲ್ಲಿ ಇನ್ನೊಮ್ಮೆ ಇಳಿದೆವು. ಕೆಳಗೆ ಬರುವಷ್ಟರಲ್ಲಿ ಅವನು ಮಾತು ಬದಲಿಸಿದ್ದ. "ಸರಿ ಬಿಡಿ. ಕ್ರೌನ್ ಬೇರಿಂಗ್ ತಿಂದ್ಹೋಗಿದೆ. ಬೇರಿಂಗ್ ಸವೆದ್ರೆ ಕ್ರೌನ್, ಒಳಗಿನ ದೊಡ್ಡ ಹಲ್ಲುಚಕ್ರ, ಪಕ್ಕಕ್ಕೆ ಸರಿಯುತ್ತೆ, ಹಲ್ಲು ಹಲ್ಲಿಗೆ ಸರಿಯಾಗಿ ಕೂರಲ್ಲ. ಅದಕ್ಕೇ ಅಳುತ್ತೆ. ಹಿಂಗೇ ಬಿಟ್ರೆ ಹಲ್ಲೇ ಮುರಿಯುತ್ತೆ ಸಾರ್, ಕೆಸರಲ್ಲಿ ನಿಂತ್ಕೊಂಡ್ಬಿಡುತ್ತೆ."

ಬೇಸಿಗೆ ಭತ್ತದ ಕೊಯ್ಲು ಮುಗಿದಿತ್ತು. ಕಾಲುವೆಗೆ ಮತ್ತೆ ನೀರು ಬಿಡುವವರೆಗೆ ಟ್ರ್ಯಾಕ್ಟರಿಗೆ ಹೆಚ್ಚಿನ ಕೆಲಸ ಇರಲಿಲ್ಲ. ಭದ್ರಾವತಿಗೆ ಒಯ್ಯುವುದು ಬೇಡ, ಇಲ್ಲೇ ಶೆಡ್ಡಿನಲ್ಲಿ ಬಿಚ್ಚೋಣ ಎಂದು ತೀರ್ಮಾನವಾಯಿತು. ಯಜಮಾನರಿಗೆ ಅದೇ ಇಷ್ಟ. ತಮ್ಮ ಕಣ್ಣೆದುರಿಗೆ, ತಮ್ಮ ಕೈಯೂ ತಾಗಿ ಕೆಲಸ ಆಗಬೇಕು.

ಬಿಚ್ಚುವುದಕ್ಕೇ ಒಂದು ದಿನ ಹಿಡಿಯಿತು. ಮೊದಲು ಎಣ್ಣೆ ಇಳಿಸಿದರು. ಕಪ್ಪಗೆ, ಗಸಿಯ ಹಾಗೆ ಬಂತು. ಮೆಕ್ಯಾನಿಕ್ ಅದರಲ್ಲಿ ಬೆರಳು ಅದ್ದಿ ಬಿಸಿಲಿಗೆ ಹಿಡಿದಾಗ ಬೆರಳಿನ ತುಂಬ ಕಬ್ಬಿಣದ ಪುಡಿ ಮಿನುಗಿತು. ಆಮೇಲೆ ಜಾಕ್ ಕೊಟ್ಟು ಎತ್ತಿ, ಕೆಳಗೆ ದಪ್ಪ ಮರದ ದಿಮ್ಮಿ ಜೋಡಿಸಿ, ಹಿಂದಿನ ಎರಡೂ ಚಕ್ರ ಕಳಚಿದರು. ಎರಡು ಪಕ್ಕದ ಆಕ್ಸಲ್ ಭಾಗ ಬಂತು, ಮೇಲಿನ ಹೈಡ್ರಾಲಿಕ್ ಮುಚ್ಚಳ ಬಂತು. ಕೊನೆಗೆ ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ, ಆ ಪೆಟ್ಟಿಗೆಯೊಳಗಿಂದ ಕ್ರೌನ್ ಸಮೇತ ಡಿಫರೆನ್ಶಿಯಲ್ಲನ್ನು ನಿಧಾನವಾಗಿ ಮೇಲೆತ್ತಿದರು. ದೊಡ್ಡ ತಟ್ಟೆಯಷ್ಟು ಅಗಲದ ಹಲ್ಲಿನ ಚಕ್ರ, ಅದರ ಎರಡು ಕಡೆಗೂ ಒಂದೊಂದು ಬೇರಿಂಗ್. ಅದು ತಿರುಗುತ್ತಾ, ಎಣ್ಣೆ ತೊಟ್ಟಿಕ್ಕುತ್ತಾ ನೇತಾಡಿತು. ಇಷ್ಟು ದಿನ ಅದರ ಮೇಲೆಯೇ ಕೂತು ಓಡಾಡಿದ್ದೆ, ಒಳಗೆ ಇಂಥದ್ದೊಂದು ಇದೆ ಎಂದು ಯೋಚಿಸಿರಲಿಲ್ಲ.

ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಎಡಗಡೆಯ ಬೇರಿಂಗಿನ ರೋಲರುಗಳು ಕಂಡವು. ನುಣ್ಣಗಿರಬೇಕಾದ ಮೈಮೇಲೆ ಹುಳು ತಿಂದ ಅವರೆಕಾಳಿನ ಹಾಗೆ ಕುಳಿಗಳು. ಯಜಮಾನರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿದರು.

"ಹೌದು," ಎಂದರು. "ಕೈಗೆ ಗೊತ್ತಾಗ್ತಿದೆ. ಗರಗರ ಅಂತಿದೆ."

ನನಗೂ ಕೊಟ್ಟರು. ಬೇರಿಂಗ್ ಮರಳು ತುಂಬಿದ ಹಾಗೆ ತಿರುಗುತ್ತಿತ್ತು.

ಕ್ರೌನಿನ ಹಲ್ಲುಗಳು ಇನ್ನೂ ಚೆನ್ನಾಗಿದ್ದವು. ಬೇರಿಂಗ್ ಎರಡು ಬದಲಾಯಿಸಿದರೆ ಸಾಕು ಎಂದಾಯಿತು. ಹಳೆಯ ಬೇರಿಂಗ್‌ಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮರುದಿನ ನಾವಿಬ್ಬರೂ ಶಿವಮೊಗ್ಗದ ಬೇರಿಂಗ್ ಅಂಗಡಿಗೆ ಹೋದೆವು. ಹೊರಡುವಾಗ ಮೆಕ್ಯಾನಿಕ್ ಫೋನ್ ಮಾಡಿ, "ಅಕ್ಕ, ಹಂಗೇ ಗಾಂಧಿ ಬಜಾರಲ್ಲಿ ಒಂದು ಪೊಟ್ಟಣ ಸಿಂಧೂರ ತನ್ನಿ. ಆಂಜನೇಯನಿಗೆ ಬಳೀತಾರಲ್ಲ, ಅದು," ಎಂದಿದ್ದ. ಗಾಡಿ ಜೋಡಿಸುವ ಮುಂಚೆ ಪೂಜೆ ಮಾಡುವ ಪದ್ಧತಿ ಇರಬಹುದು ಎಂದುಕೊಂಡೆ. ಗ್ರಂಥಿಗೆ ಅಂಗಡಿಯಲ್ಲಿ ಸಿಂಧೂರ, ಊದುಬತ್ತಿ, ಕರ್ಪೂರ ಮೂರನ್ನೂ ಕಟ್ಟಿಸಿಕೊಂಡೆ.

ಬೇರಿಂಗ್ ಅಂಗಡಿಯಾತ ವಯಸ್ಸಾದವರು, ಮೆಲುದನಿ. ಕನ್ನಡಕ ಹಣೆಗೆ ಏರಿಸಿ ಬೇರಿಂಗಿನ ಅಂಚಿನಲ್ಲಿ ಕೆತ್ತಿದ್ದ ನಂಬರ್ ಓದಿ, ಒಳಗೆ ಹೋಗಿ, ಅಲ್ಲಿಂದಲೇ ಕೇಳಿದರು. "ಬರೀ ಬೇರಿಂಗ್ ಸಾಕೋ, ಹೊರಗಿನ ಬಳೆ, ಕಪ್ ಅಂತಾರಲ್ಲ, ಅದೂ ಬೇಕೋ?"

"ಭದ್ರಾವತಿ ಹತ್ರ," ಎಂದರು ಯಜಮಾನರು.

ಅಂಗಡಿಯಾತ ಹೊರಗೆ ಬಂದು ನನ್ನ ಮುಖ ನೋಡಿದರು. ನಾನು, "ಕಪ್ ಸಮೇತ ಕೊಡಿ," ಎಂದೆ. ಅವರು ಡಬ್ಬಿ ತಂದು ಕೌಂಟರಿನ ಮೇಲಿಟ್ಟು, ತಲೆ ಬಗ್ಗಿಸಿ ಕಾಗದ ಬಿಚ್ಚುತ್ತಾ ಇನ್ನೇನೋ ಹೇಳಿದರು. ಯಜಮಾನರು ನಕ್ಕು "ಹೌದು ಹೌದು" ಎಂದರು. ಅಂಗಡಿಯಾತ ಹೇಳಿದ್ದು, ಒಂದು ಡಬ್ಬಿ ಇದೆ, ಇನ್ನೊಂದು ಸಂಜೆ ಬರುತ್ತದೆ, ಕಾಯುತ್ತೀರೋ ಹೇಗೆ ಎಂದು.

ಅಲ್ಲೇ ಕೌಂಟರಿನ ಮುಂದೆ ನಿಂತು ಯಜಮಾನರನ್ನು ನೋಡಿದೆ. ಅವರು ಅಂಗಡಿಯಾತನ ಬಾಯಿಯನ್ನೇ ನೋಡುತ್ತಿದ್ದರು. ಬಾಯಿ ಕಾಣದಾಗ ನನ್ನ ಕಡೆ ತಿರುಗುತ್ತಿದ್ದರು. ಎರಡು ವರ್ಷದಿಂದ ಮದುವೆ ಮನೆಗಳಿಗೆ ಬರಲು ಒಲ್ಲೆ ಎನ್ನುತ್ತಿದ್ದುದು, ಫೋನ್ ಬಂದರೆ "ನೀನೇ ಮಾತಾಡು" ಎಂದು ನನ್ನ ಕೈಗೆ ಕೊಡುತ್ತಿದ್ದುದು, ಟೀವಿಯ ದನಿ ಏರಿಸಿಕೊಂಡು ಕೂರುತ್ತಿದ್ದುದು, ಮೊಮ್ಮಗಳು ಏನೋ ಹೇಳಿದರೆ ಬರೀ ತಲೆ ಸವರಿ ಕಳಿಸುತ್ತಿದ್ದುದು, ಎಲ್ಲವೂ ಒಂದರ ಹಿಂದೆ ಒಂದು ನೆನಪಾದವು. ವಯಸ್ಸಾದಂತೆ ಜನರ ಮೇಲೆ ಬೇಸರ ಬಂದಿದೆ ಎಂದು ನಾನು ತಿಳಿದಿದ್ದೆ. ಹೊರಗೆ ಬಂದು ಹೋಟೆಲಿನಲ್ಲಿ ಕೂತಾಗ ಅವರ ಎದುರಿಗೆ, ಮುಖ ಕಾಣುವ ಹಾಗೆ ಕೂತು, ನಿಧಾನಕ್ಕೆ ಹೇಳಿದೆ. "ಇನ್ನೊಂದು ಬೇರಿಂಗ್ ಸಂಜೆ ಬರುತ್ತಂತೆ. ಕಾಯೋಣ."

"ಹಾಗಂದ್ರಾ?" ಎಂದರು. ಕಾಫಿ ಕುಡಿದು ಮುಗಿಸುವವರೆಗೆ ಲೋಟದಿಂದ ಕಣ್ಣೆತ್ತಲಿಲ್ಲ.

ಬೇರಿಂಗ್ ಹಾಕುವ ದಿನ ನನಗೂ ಕೆಲಸ ಸಿಕ್ಕಿತು. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಾರದಂತೆ. ಎಣ್ಣೆಯಲ್ಲಿ ಕಾಯಿಸಿದರೆ ಹಿಗ್ಗಿ, ತಾನಾಗಿಯೇ ಜಾರಿ ಕೂರುತ್ತದೆ. ಮೂರು ಕಲ್ಲಿನ ಒಲೆ ಹೂಡಿ, ಶೆಡ್ಡಿನಲ್ಲಿದ್ದ ಹಳೆಯ ಬಾಣಲೆಯಲ್ಲಿ ಎಣ್ಣೆ ಹಾಕಿ, ತಂತಿಗೆ ಕಟ್ಟಿದ ಬೇರಿಂಗನ್ನು ತಳ ಮುಟ್ಟದ ಹಾಗೆ ಇಳಿಬಿಟ್ಟೆ.

"ಹೊಗೆ ಏಳ್ಬಾರ್ದು ಅಕ್ಕ. ಹೊಗೆ ಬಂತು ಅಂದ್ರೆ ಬೇರಿಂಗ್ ಕೆಟ್ತು," ಎಂದು ಮೆಕ್ಯಾನಿಕ್ ಎಚ್ಚರಿಸಿದ.

ಉರಿ ಹೇಗಿರಬೇಕು ಎಂದು ಯಾರೂ ನನಗೆ ಹೇಳಿಕೊಡಬೇಕಿರಲಿಲ್ಲ. ಕಾಯ್ದ ಬೇರಿಂಗನ್ನು ಇಕ್ಕಳದಲ್ಲಿ ಎತ್ತಿಕೊಟ್ಟೆ. ಅದು ತನ್ನ ಜಾಗಕ್ಕೆ ಜಾರಿ, ಟಕ್ಕೆಂದು ಕೂತಿತು.

ಆಮೇಲೆ ಮೆಕ್ಯಾನಿಕ್ ಸಿಂಧೂರ ಕೇಳಿದ. ನಾನು ಊದುಬತ್ತಿ, ಕರ್ಪೂರವನ್ನೂ ಮುಂದಿಟ್ಟೆ. ಅವನು ನೋಡಿ ನಕ್ಕ. "ಪೂಜೆ ಆಮೇಲೆ ಅಕ್ಕ. ಇದು ಹಲ್ಲಿಗೆ." ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಕ್ರೌನಿನ ಕೆಲವು ಹಲ್ಲುಗಳಿಗೆ ಬಳಿದ. ಕ್ರೌನನ್ನು ತಿರುಗಿಸಿದಾಗ, ಅದಕ್ಕೆ ತಾಗುವ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರ ಎಲ್ಲಿ ಒತ್ತುತ್ತದೋ ಅಲ್ಲಿ ಬಣ್ಣ ಅಳಿಸುತ್ತದೆ. ಅಳಿಸಿದ ಗುರುತು ಹಲ್ಲಿನ ನಡುವೆ ಬಂದರೆ ಸರಿ. ತುದಿಯಲ್ಲೋ ಬುಡದಲ್ಲೋ ಬಂದರೆ ಕ್ರೌನನ್ನು ಆಚೀಚೆ ಸರಿಸಬೇಕು. ಸರಿಸಲು ಎರಡು ಪಕ್ಕಕ್ಕೂ ಶಿಮ್ ಎಂಬ ತೆಳ್ಳನೆ ತಗಡಿನ ಬಳೆಗಳಿರುತ್ತವೆ. ಒಂದು ಕಡೆಯದನ್ನು ತೆಗೆದು ಇನ್ನೊಂದು ಕಡೆಗೆ ಹಾಕುತ್ತಾ ಹೋಗಬೇಕು. ಮೊದಲ ಸಲ ಗುರುತು ತುದಿಗೆ ಬಂತು. ಒಂದು ತಗಡು ಈ ಕಡೆಯಿಂದ ಆ ಕಡೆಗೆ ಹೋಯಿತು. ಒರೆಸಿ, ಮತ್ತೆ ಬಳಿದು, ಮತ್ತೆ ತಿರುಗಿಸಿದರು. ಹಾಗೆ ಎಷ್ಟೋ ಸಲ. ಕೊನೆಗೆ ಹಲ್ಲಿನ ನಡುವೆ ಅಕ್ಕಿಕಾಳಿನ ಆಕಾರದ ಒಂದು ಗುರುತು ಚೊಕ್ಕವಾಗಿ ಮೂಡಿತು.

ಕೊನೆಗೆ ಉಳಿದದ್ದು ಬೇರಿಂಗಿನ ಬಿಗಿ. ಸಡಿಲ ಬಿಟ್ಟರೆ ಕ್ರೌನ್ ಮತ್ತೆ ಅಲ್ಲಾಡುತ್ತದೆ. ಬಿಗಿ ಹೆಚ್ಚಾದರೆ ಬೇರಿಂಗ್ ಕಾಯ್ದು ಸುಡುತ್ತದೆ. ಇದೂ ಆ ತಗಡುಗಳದ್ದೇ ಲೆಕ್ಕ, ಸೇರಿಸಿದರೆ ಸಡಿಲ, ತೆಗೆದರೆ ಬಿಗಿ. ಮೆಕ್ಯಾನಿಕ್ ಬೋಲ್ಟ್ ಬಿಗಿದು, ಕ್ರೌನ್ ತಿರುಗಿಸಿ ನೋಡಿ, "ಸೂಪರ್," ಎಂದ.

ಯಜಮಾನರು ತಾವೂ ಕೈ ಹಾಕಿ ತಿರುಗಿಸಿದರು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ತಿರುಗಿಸಿದರು.

"ಸ್ವಲ್ಪ ಜಾಸ್ತಿ ಹಿಡೀತಿದೆ ಕಣಯ್ಯ."

"ಹೊಸ ಬೇರಿಂಗ್ ಸಾರ್. ಓಡ್ತಾ ಓಡ್ತಾ ಫ್ರೀ ಆಗುತ್ತೆ."

"ಒಂದು ತೆಳ್ಳಂದು ಹಾಕಿದ್ರೆ?"

"ಬೇಡ ಸಾರ್. ನಾನು ಎಷ್ಟು ಗಾಡಿ ಮಾಡಿಲ್ಲ? ನನ್ನ ಮೇಲೆ ಬಿಡಿ."

ಯಜಮಾನರು ಕೈ ಒರೆಸಿಕೊಂಡರು. ಸಂಜೆಯೊಳಗೆ ಆಕ್ಸಲ್, ಚಕ್ರ ಎಲ್ಲ ಕೂತವು. ಹೊಸ ಎಣ್ಣೆ ಹುಯ್ದರು. ಕರ್ಪೂರ ಹಚ್ಚಿ, ಆಮೇಲೆ ಸ್ಟಾರ್ಟ್ ಮಾಡಿದ್ದಾಯಿತು. ಕಾಲುವೆ ಏರಿಯ ಮೇಲೆ ಭದ್ರಾವತಿ ರಸ್ತೆಯವರೆಗೆ ಹೋಗಿಬಂದೆವು. ನಾನು ಮಡ್‌ಗಾರ್ಡಿನ ಮೇಲೆ ಕೂತು ಕಿವಿಗೊಟ್ಟೆ. ಟೈರಿನ ಸದ್ದು, ಇಂಜಿನ್ನಿನ ಸದ್ದು, ಗಾಳಿ. ಆ ಕೂಗು ಇರಲಿಲ್ಲ. ಹಿಂದೆ ಬೈಕಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ಕಿಗೆ ಕೈ ಆಡಿಸಿ ಇಲ್ಲ ಎಂದೆ. ಅವನು ಹೆಬ್ಬೆರಳು ಎತ್ತಿ ತೋರಿಸಿದ.

ಶೆಡ್ಡಿಗೆ ಬಂದು ನಿಲ್ಲಿಸಿದ ಮೇಲೆ ಯಜಮಾನರು ಹೌಸಿಂಗಿನ ಪಕ್ಕಕ್ಕೆ ಅಂಗೈ ಇಟ್ಟರು, ಇಟ್ಟಷ್ಟೇ ಬೇಗ ತೆಗೆದರು. ಮೆಕ್ಯಾನಿಕ್ಕಿನ ಕೈ ಹಿಡಿದು ಅಲ್ಲೇ ಇಟ್ಟರು.

"ಸುಡ್ತಿದೆ ಸಾರ್."

"ಹೂಂ."

"ನೀವು ಹೇಳಿದ್ರಿ. ನಾನೇ ಕೇಳ್ಲಿಲ್ಲ." ಹಾಗಂದವನು ತಲೆ ಕೆರೆದುಕೊಂಡು, "ನಾಳೆ ಬೆಳಿಗ್ಗೆ ಬಂದು ಮತ್ತೆ ಬಿಚ್ತೀನಿ," ಎಂದ.

ಅವನು ಬಂದ. ಕ್ರೌನ್ ಇಲ್ಲದ ಕಡೆಯದನ್ನು ಮಾತ್ರ ಬಿಚ್ಚಿದರೆ ಹಲ್ಲಿನ ಗುರುತು ಕೆಡುವುದಿಲ್ಲ ಎಂದು ಬಲಗಡೆಯ ಚಕ್ರ, ಆಕ್ಸಲ್ ಇಳಿಸಿದ. ಕೂದಲಿನಷ್ಟು ತೆಳ್ಳನೆಯ ಒಂದು ತಗಡು ಸೇರಿಸಿ ಬೋಲ್ಟ್ ಬಿಗಿದು, ತಾನು ಪಕ್ಕಕ್ಕೆ ಸರಿದು, "ನೀವೇ ನೋಡಿ ಸಾರ್," ಎಂದ. ಯಜಮಾನರು ತಿರುಗಿಸಿದರು. ಕೈ ಬಿಟ್ಟಲ್ಲಿ ಕ್ರೌನ್ ನಿಂತಿತು, ಎಲ್ಲೂ ತಡೆಯಲಿಲ್ಲ, ಎಲ್ಲೂ ಅಲ್ಲಾಡಲಿಲ್ಲ. "ಈಗ ಸರಿ," ಎಂದರು. ಇಬ್ಬರೂ ಎಲೆ ಅಡಿಕೆ ಹಾಕಿಕೊಂಡು ಆಕ್ಸಲ್ ಎತ್ತಿದರು.

ಈ ಸಲ ಓಡಿಸಿ ಬಂದು ನಿಲ್ಲಿಸಿದಾಗ ಹೌಸಿಂಗ್ ಬರೀ ಬೆಚ್ಚಗಿತ್ತು. ಮೆಕ್ಯಾನಿಕ್ ತನ್ನ ಸಾಮಾನು ಗಂಟು ಕಟ್ಟಿಕೊಂಡು ಹೋದ. ಅವನು ಹೋದ ಮೇಲೆ ಯಜಮಾನರು, "ಹತ್ತು, ಇನ್ನೊಂದು ರೌಂಡ್ ಹೋಗ್ಬರೋಣ," ಎಂದರು. ಏರಿಯ ಮೇಲೆ ಯಾರೂ ಇರಲಿಲ್ಲ. ಆಕ್ಸಿಲರೇಟರ್ ಒತ್ತುವರು, ಬಿಡುವರು, ನನ್ನ ಕಡೆ ನೋಡುವರು. ನಾನು ಪ್ರತಿ ಸಲವೂ ಇಲ್ಲ ಎಂದು ತಲೆಯಾಡಿಸಿದೆ. ತೂಬಿನ ಹತ್ತಿರ ನಿಲ್ಲಿಸಿ ಇಂಜಿನ್ ಆರಿಸಿದರು.

"ನನಗೆ ಮೊದಲೂ ಕೇಳಿರ್ಲಿಲ್ಲ," ಎಂದರು. "ಈಗ ಹೋಗಿದೆ ಅಂತೀಯ, ಹೋಗಿದೆ ಅಂದ್ಕೋತೀನಿ. ನನಗೆ ಎರಡೂ ಒಂದೇ ಥರ ಇದೆ."

ನಾನು ಕೆಳಗಿಳಿದು ಅವರ ಎದುರಿಗೆ ಬಂದು ನಿಂತೆ.

"ಎಷ್ಟು ದಿನದಿಂದ ಹೀಗೆ?"

"ಗೊತ್ತಿಲ್ಲ. ಒಂದೇ ದಿನ ಆಗಿದ್ರೆ ಗೊತ್ತಾಗ್ತಿತ್ತು." ಸ್ಟೇರಿಂಗಿನ ಮೇಲಿದ್ದ ಕೈಗೆ ಅಂಟಿದ್ದ ಎಣ್ಣೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಹೇಳಿದರು. "ಜನ ಮೆಲ್ಲಗೆ ಮಾತಾಡೋದು ಕಲ್ತಿದ್ದಾರೆ ಅಂದ್ಕೊಂಡಿದ್ದೆ."

ನನಗೆ ಅಳು ಬಂದಿತ್ತು. ಅಳಲಿಲ್ಲ. "ತೋರಿಸೋಣ," ಎಂದೆ.

"ಕಿವಿಗೆ ಮೆಷಿನ್ ಹಾಕ್ತಾರೆ."

"ಹಾಕ್ಲಿ. ಇಷ್ಟು ದೊಡ್ಡ ಮೆಷಿನ್ ಬಿಚ್ಚಿ ಜೋಡ್ಸಿದೀರಿ."

ಅವರು ಒಮ್ಮೆ ತಲೆಯಾಡಿಸಿ ಇಂಜಿನ್ ಸ್ಟಾರ್ಟ್ ಮಾಡಿದರು.

ಶಿವಮೊಗ್ಗದ ಕಿವಿ ಡಾಕ್ಟರ್ ಒಬ್ಬರಲ್ಲಿ ತೋರಿಸಿದೆವು. ಗೋಡೆಗೆಲ್ಲ ಮೆತ್ತೆ ಅಂಟಿಸಿದ ಒಂದು ಸಣ್ಣ ಕೋಣೆ. ಅದರೊಳಗೆ ಅವರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಗಾಜಿನ ಕಿಟಕಿಯ ಈಚೆ ನಾನು ನಿಂತಿದ್ದೆ. ಮೊದಮೊದಲು ಬೇಗ ಬೇಗ ಒತ್ತಿದರು. ಆಮೇಲೆ ಬಹಳ ಹೊತ್ತು ಒತ್ತಲೇ ಇಲ್ಲ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಒಂದೊಂದೇ ಮಟ್ಟ ಏರಿಸುತ್ತಾ ಹೋಗುತ್ತಿದ್ದಳು. ಅವರು ಒಳಗೆ ನೆಟ್ಟಗೆ ಕೂತು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ಬರದ ಸದ್ದಿಗಾಗಿ ಕಾಯುತ್ತಿದ್ದರು. ಪರೀಕ್ಷೆಗೆ ಕೂತ ವಿದ್ಯಾರ್ಥಿಯ ಹಾಗೆ ಪ್ರಾಮಾಣಿಕವಾಗಿ ಕಾಯುತ್ತಿದ್ದರು. ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಡಾಕ್ಟರ್ ಕಾಗದದ ಮೇಲಿನ ಗೆರೆ ತೋರಿಸಿದರು. ಎಡದಿಂದ ಸಮವಾಗಿ ಬಂದ ಗೆರೆ ಅರ್ಧದಲ್ಲಿ ಇಳಿಜಾರು ಹಿಡಿದಿತ್ತು. "ದಪ್ಪ ಸದ್ದು ಚೆನ್ನಾಗೇ ಕೇಳಿಸುತ್ತೆ ನಿಮಗೆ. ಸಣ್ಣ ಸದ್ದು ಹೋಗಿದೆ," ಎಂದರು. "ಟ್ರ್ಯಾಕ್ಟರ್ ಓಡಿಸೋರು, ಕಾರ್ಖಾನೆಯಲ್ಲಿ ದುಡಿದೋರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಗೆರೆ." ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು, ಟ್ರ್ಯಾಕ್ಟರ್ ಹತ್ತುವಾಗ ಕಿವಿ ಮುಚ್ಚಿಕೊಳ್ಳಬೇಕು, ಉಳಿದ ಹೊತ್ತು ಯಂತ್ರ ಹಾಕಿಕೊಂಡರೆ ಮಾತು ತಿಳಿಯುತ್ತದೆ ಎಂದು ಹೇಳಿ ಕಳಿಸಿದರು.

ಯಂತ್ರದ ಮೊದಲ ವಾರ ಮನೆಯಲ್ಲಿ ಜಗಳವೇ. ತಟ್ಟೆಗೆ ಚಮಚ ತಾಗಿದರೆ ಬೆಚ್ಚುತ್ತಿದ್ದರು. ಪೇಪರ್ ಮಡಿಸಿದರೆ ಮುಖ ಕಿವುಚುತ್ತಿದ್ದರು. "ನೀನು ನಡೆಯೋವಾಗ ಚಪ್ಪಲಿ ಎಳೀತೀಯ," ಎಂದು ದೂರಿದರು. ಇಷ್ಟು ವರ್ಷ ಎಳೆಯುತ್ತಲೇ ಇದ್ದೆ ಎಂದೆ. ಎರಡು ದಿನ ತೆಗೆದು ಡಬ್ಬಿಯಲ್ಲಿಟ್ಟು, ಮೂರನೆಯ ದಿನ ತಾವೇ ಮತ್ತೆ ಹಾಕಿಕೊಂಡರು. ಕ್ಲಿನಿಕ್ಕಿಗೆ ಮತ್ತೆ ಮತ್ತೆ ಹೋಗಿ ದನಿ ತಗ್ಗಿಸಿ ಏರಿಸಿ ಹೊಂದಿಸಿಕೊಂಡು ಬಂದೆವು. ಅಲ್ಲಿನ ಹುಡುಗಿ ಮೆಲ್ಲಗೆ ಮಾತಾಡಿದರೂ ಈಗ ಅವರು ಸರಿಯಾದ ಉತ್ತರ ಕೊಡುತ್ತಿದ್ದರು. ಕೊಟ್ಟ ಮೇಲೆ ಒಮ್ಮೆ ನನ್ನ ಕಡೆ ನೋಡುವುದು ಮಾತ್ರ ಬಿಟ್ಟಿರಲಿಲ್ಲ.

ಕಾಲುವೆಗೆ ನೀರು ಬಿಟ್ಟ ಮೇಲೆ ಕೆಸರು ಉಳುಮೆ ಶುರುವಾಯಿತು. ಯಂತ್ರವನ್ನು ಡಬ್ಬಿಯಲ್ಲಿಟ್ಟು ನನ್ನ ಕೈಗೆ ಕೊಟ್ಟು, ಮಗಳು ದಾವಣಗೆರೆಯಿಂದ ಕಳಿಸಿದ್ದ ಕಿವಿಮುಚ್ಚುಗ ಹಾಕಿಕೊಂಡು ಅವರು ಗದ್ದೆಗೆ ಇಳಿದರು. ಪಕ್ಕದ ಗದ್ದೆಯವರು ಅದನ್ನು ನೋಡಿ, "ಏನಣ್ಣ, ವಿಮಾನ ಓಡ್ಸೋಕೆ ಹೊರಟ್ಯಾ?" ಎಂದು ಬದುವಿನ ಮೇಲಿಂದ ಕೂಗಿದರು. ಯಜಮಾನರಿಗೆ ಕೇಳಿಸಲಿಲ್ಲ. ನಾನು ಕೇಳಿಸಿಕೊಂಡು ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ಮೆಕ್ಯಾನಿಕ್ ತಾನಾಗಿಯೇ ಬಂದ. ಈ ಕಡೆ ಇನ್ನೊಬ್ಬರ ಪಂಪ್ ನೋಡಲು ಬಂದವನು, ಹಾಗೇ ಹೌಸಿಂಗ್ ನೋಡಿ ಹೋಗುತ್ತೇನೆ ಎಂದ. ಟ್ರ್ಯಾಕ್ಟರ್ ಬದುವಿನ ಹತ್ತಿರ ಬಂದು ನಿಂತಾಗ, ಎಣ್ಣೆಯ ಕಡ್ಡಿ ಎಳೆದು ಬೆರಳಿನಲ್ಲಿ ಮುಟ್ಟಿ ಬಿಸಿಲಿಗೆ ಹಿಡಿದ. ಎಣ್ಣೆ ತಿಳಿಯಾಗಿತ್ತು. ನಾನು ಬುತ್ತಿ ಬಿಚ್ಚಿದೆ. ಯಜಮಾನರು ಕೆಸರಿನ ಕಾಲನ್ನು ಕಾಲುವೆಯಲ್ಲಿ ತೊಳೆದು ಬಂದು, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ನಮ್ಮ ಜೊತೆ ಕೂತರು. ಮೆಕ್ಯಾನಿಕ್ ತನ್ನ ಅಭ್ಯಾಸದಂತೆ ಊಟದ ಉದ್ದಕ್ಕೂ ಮಾತಾಡಿದ. ಅವನ ಅಜ್ಜ ಭದ್ರಾವತಿಗೆ ಬಂದ ಕಥೆ, ಕಾರ್ಖಾನೆಯ ಕುಲುಮೆಯ ಕಥೆ, ಎಲ್ಲ. ನಾನು ಅದನ್ನು ಮೊದಲೇ ಕೇಳಿದ್ದೆ. ಯಜಮಾನರು ಮುದ್ದೆ ಮುರಿಯುವುದನ್ನು ಮರೆತು ಕೇಳುತ್ತಿದ್ದರು. ನಡುನಡುವೆ, "ಆಮೇಲೆ?" ಎನ್ನುತ್ತಿದ್ದರು.